ಕಾಲೇಜ್ ಲ್ಯಾಬಿಗೆ ತರಿಸಿದ ಕ್ಯಾಟಯಾನ್ ರೆಸಿನ್, 500 ಗ್ರಾಂ ಬಾಟ್ಲಿ: ಮಾಲು ಗಟ್ಟಿ, ಲೇಬಲ್ ಟೊಳ್ಳು

ರೆಸಿನ್‌ಗೆ ಐದರಲ್ಲಿ ನಾಲ್ಕೂವರೆ ಸ್ಟಾರ್, ಬಾಟ್ಲಿ ಮೇಲಿನ ಲೇಬಲ್‌ಗೆ ಒಂದು, ತರಿಸ್ಕೊಟ್ಟ ಅಂಗಡಿಗೆ ಮೂರು. ಎಲ್ಲಾ ಸೇರಿಸಿ ಒಂದೇ ರೇಟಿಂಗ್ ಕೊಡಿ ಅಂದ್ರೆ ನನ್ ಕೈಲಾಗಲ್ಲ, ಒಳಗಿನ ಮಾಲು ಚೆನ್ನಾಗಿದೆ ಅಂತ ಹೊರಗಿನ ಚೀಟಿನ ಮಾಫಿ ಮಾಡೋಕಾಗತ್ತಾ. ನಾನು ತುಮಕೂರಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮಕ್ಕಳಿಗೆ ಪ್ರಾಕ್ಟಿಕಲ್ ಮಾಡಿಸೋಳು, ಈ ವರ್ಷ ಒಂದು ಪ್ರಾಜೆಕ್ಟ್ ಬ್ಯಾಚ್‌ಗೆ ರೇರ್ ಅರ್ತ್ ಸೆಪರೇಷನ್ ಕೊಟ್ಟಿದ್ದೆ, ಅಂದ್ರೆ ನಿಯೋಡಿಮಿಯಂ ಮತ್ತೆ ಪ್ರೇಸಿಯೋಡಿಮಿಯಂ ಎರಡನ್ನ ಬೆರೆಸಿ ರೆಸಿನ್ ಕಾಲಂ, ಅಂದ್ರೆ ರೆಸಿನ್ ತುಂಬಿದ ಗಾಜಿನ ಕೊಳವೆ, ಮೇಲೆ ಹಾಕಿ ವಾಪಸ್ ಬಿಡಿಸೋದು. ಅದಕ್ಕೆ ತರಿಸಿದ್ದು ಇದು: ಸ್ಟ್ರಾಂಗ್ ಆಸಿಡ್ ಕ್ಯಾಟಯಾನ್ ಎಕ್ಸ್‌ಚೇಂಜ್ ರೆಸಿನ್, ಹೈಡ್ರೋಜನ್ ಫಾರ್ಮ್, 100-200 ಮೆಷ್ (ಜರಡಿ ತೂತಿನ ಲೆಕ್ಕದ ಗಾತ್ರ). ಅಂದ್ರೆ ದ್ರಾವಣದಲ್ಲಿರೋ ಪ್ಲಸ್ ಚಾರ್ಜಿನ ಅಯಾನು ಹಿಡ್ಕೊಂಡು ಬದಲಿಗೆ ತನ್ನ ಹೈಡ್ರೋಜನ್ ಬಿಟ್ಟುಕೊಡೋ ಸಣ್ಣ ಪ್ಲಾಸ್ಟಿಕ್ ಮಣಿಗಳು. ಬೆಲೆ ಜಿಎಸ್ಟಿ ಎಲ್ಲಾ ಸೇರಿ ಮೂರು ಸಾವಿರದ ಆಸುಪಾಸು. ಬ್ರ್ಯಾಂಡ್ ಹೆಸರು ಬೇಕಂತ ಬಿಟ್ಟಿದೀನಿ, ಒಂದೇ ಮಾಲನ್ನ ನಾಲ್ಕು ಜನ ನಾಲ್ಕು ಡಬ್ಬಿಗೆ ತುಂಬಿ ಮಾರ್ತಾರೆ, ಹೆಸರು ಹಿಡ್ಕೊಂಡು ಹೋದ್ರೆ ಏನೂ ಸಿಗಲ್ಲ, ಏನನ್ನ ಕೇಳ್ಬೇಕು ಅನ್ನೋದು ಗೊತ್ತಿದ್ರೆ ಸಾಕು.

ಅಂಗಡಿ ಕಥೆ ಮುಗಿಸ್ಬಿಡ್ತೀನಿ. ಬಿ.ಎಚ್. ರೋಡ್ ಕಡೆ ಲ್ಯಾಬ್ ಸಾಮಾನು ಮಾರೋರು, ಬ್ಯೂರೆಟ್ಟು ಬೀಕರ್ರು ಎಲ್ಲಾ ಅಲ್ಲೇ ತರೋದು, ಫೋನ್ ಮಾಡಿದ್ರೆ ಹುಡುಗನ ಕೈಲಿ ಕಾಲೇಜಿಗೇ ಕಳಿಸ್ತಾರೆ, ಬಿಲ್ ಪಾಸಾಗೋದು ತಿಂಗಳುಗಟ್ಲೆ ಆದ್ರೂ ಮುಖ ಸಪ್ಪೆ ಮಾಡ್ಕೊಳಲ್ಲ, ಅಷ್ಟರ ಮಟ್ಟಿಗೆ ಚಿನ್ನದಂಥ ಜನ. ಆದ್ರೆ ರೆಸಿನ್ ಬೇಕು ಅಂದ ತಕ್ಷಣ ಅವ್ರ ತಲೇಲಿ ಬರೋದು ವಾಟರ್ ಸಾಫ್ಟ್‌ನರ್ ಒಂದೇ. ನಮ್ಮೂರಲ್ಲಿ ಬೋರ್‌ವೆಲ್ ನೀರಿನ ಗಡಸುತನ ಗೊತ್ತಲ್ಲ, ಗೀಸರ್ ಕಾಯಿಲ್ ಮೇಲೆ ಬಿಳೀ ಸುಣ್ಣ ಕಟ್ಟತ್ತೆ, ನಲ್ಲಿ ಬಾಯಿ ಮುಚ್ಚೋಗತ್ತೆ, ಹಾಗಾಗಿ ಮನೆಮನೆಗೂ ಸಾಫ್ಟ್‌ನರ್ ಬಂದಿದೆ, ಅದಕ್ಕೆ ರೆಸಿನ್ 25 ಲೀಟರ್ ಚೀಲದಲ್ಲಿ ಬರತ್ತೆ. ಮೊದಲ ಸಲ ಅದೇ ಚೀಲದಿಂದ ಅರ್ಧ ಕೆಜಿ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕಳಿಸಿದ್ರು. 'ಎರಡೂ ಒಂದೇ ಮೇಡಂ, ಇದಾದ್ರೆ ನಿಮ್ಗೆ ಕಾಲು ಭಾಗ ರೇಟಲ್ಲಿ ಆಗತ್ತೆ' ಅಂದ್ರು. ಪಾಪ, ನನ್ ದುಡ್ಡು ಉಳಿಸೋಣ ಅಂತಾನೇ ಹೇಳಿದ್ದು. ಕೆಮಿಸ್ಟ್ರಿ ಲೆಕ್ಕದಲ್ಲಿ ಅವ್ರು ಹೇಳಿದ್ದು ಸುಳ್ಳೂ ಅಲ್ಲ, ಎರಡೂ ಪಾಲಿಸ್ಟೈರೀನ್‌ಗೆ ಡೈವಿನೈಲ್ ಬೆಂಜೀನ್ ಸೇರಿಸಿ ಹೆಣೆದ ಮಣಿಗಳೇ, ಎರಡರ ಮೇಲೂ ಸಲ್ಫೋನಿಕ್ ಆಸಿಡ್ ಗುಂಪು, ಒಂದು ಸೋಡಿಯಂ ಹಿಡ್ಕೊಂಡಿರತ್ತೆ ಇನ್ನೊಂದು ಹೈಡ್ರೋಜನ್ ಹಿಡ್ಕೊಂಡಿರತ್ತೆ, ಆಸಿಡ್ ಹಾಯಿಸಿದ್ರೆ ಅದೂ ಇದಾಗತ್ತೆ.

ವ್ಯತ್ಯಾಸ ಇರೋದು ಮಣಿ ಗಾತ್ರದಲ್ಲಿ. ಸಾಫ್ಟ್‌ನರ್ ರೆಸಿನ್ ಮಣಿ ಸುಮಾರು 0.3ರಿಂದ 1.2 ಮಿಲಿಮೀಟರ್, ಕೈಯಲ್ಲಿ ಹಿಡಿದ್ರೆ ಗಸಗಸೆ ಥರ ಉರುಳತ್ತೆ. 100-200 ಮೆಷ್ ಅಂದ್ರೆ 0.15 ಮಿಲಿಮೀಟರ್‌ಗಿಂತ ಚಿಕ್ಕದು, 0.075ರವರೆಗೂ. ಸುಣ್ಣದ ನೀರಿಂದ ಕ್ಯಾಲ್ಸಿಯಂ ಹಿಡಿಯೋಕೆ ದಪ್ಪ ಮಣಿ ಸಾಕು, ಸಾಕೇನು, ಅದೇ ಬೇಕು, ಇಲ್ಲಾಂದ್ರೆ ನೀರು ಹರಿಯಲ್ಲ. ಆದ್ರೆ ನಿಯೋಡಿಮಿಯಂ ಪ್ರೇಸಿಯೋಡಿಮಿಯಂ ಇದಾವಲ್ಲ, ಇವು ಪೀರಿಯಾಡಿಕ್ ಟೇಬಲ್‌ನಲ್ಲಿ ಅಕ್ಕಪಕ್ಕದ ಮನೆಯವು, ಎರಡೂ ಮೂರು ಪ್ಲಸ್ ಚಾರ್ಜು, ಗಾತ್ರದಲ್ಲೂ ಹೆಚ್ಚೂಕಮ್ಮಿ ಒಂದೇ. ಇವೆರಡೂ ಇರೋ ಇಡೀ ರೇರ್ ಅರ್ತ್ (ಲ್ಯಾಂಥನೈಡ್) ಸಾಲಲ್ಲಿ ಲ್ಯಾಂಥನಂ ಅಯಾನಿನ ತ್ರಿಜ್ಯ ಸುಮಾರು 103 ಪೈಕೋಮೀಟರ್, ಕೊನೇ ಲುಟೀಶಿಯಂದು 86, ಆ ಹದಿನೇಳನ್ನ ಹದಿನಾಲ್ಕು ಹೆಜ್ಜೆಗೆ ಹಂಚಿದ್ರೆ ಒಂದೊಂದಕ್ಕೆ ಏನ್ ಸಿಗತ್ತೆ ನೀವೇ ಲೆಕ್ಕ ಹಾಕಿ. ಅಷ್ಟು ಸಣ್ಣ ವ್ಯತ್ಯಾಸ ದೊಡ್ಡದಾಗಬೇಕಂದ್ರೆ ಅಯಾನು ಮಣಿಗೆ ಅಂಟ್ಕೊಂಡು ಬಿಟ್ಟು ಅಂಟ್ಕೊಂಡು ಬಿಟ್ಟು ಸಾವಿರಾರು ಸಲ ಮಾಡ್ಬೇಕು, ಮಣಿ ದಪ್ಪ ಇದ್ರೆ ಒಳಗಡೆ ಹೋದ ಅಯಾನು ಹೊರಗೆ ಬರೋ ಹೊತ್ತಿಗೆ ದ್ರಾವಣ ಮುಂದೆ ಹೋಗಿರತ್ತೆ, ಎರಡರ ಪಟ್ಟೆಗಳೂ ಹಿಗ್ಗಿ ಒಂದರ ಮೇಲೊಂದು ಬೀಳತ್ತೆ.

ಮಕ್ಕಳಿಗೆ ಇದು ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಅಂತ ಆ ಡಬ್ಬಿನ ವಾಪಸ್ ಕಳಿಸ್ದೆ ಇಟ್ಕೊಂಡೆ, ಒಂದು ಕಾಲಂ ಅದ್ರಲ್ಲೂ ಒಂದು ಕಾಲಂ ಈ ಬಾಟ್ಲಿಯಲ್ಲೂ ತುಂಬಿಸಿ ಪಕ್ಕಪಕ್ಕ ಓಡಿಸಿದ್ವಿ. ಕೆಳಗೆ ಇಳಿದ ದ್ರಾವಣನ ಸಾಲಾಗಿ ಟ್ಯೂಬ್‌ಗಳಲ್ಲಿ ಹಿಡಿದ್ವಿ. ದಪ್ಪ ಮಣಿ ಕಾಲಂನಲ್ಲಿ ಮೊದಲ ಟ್ಯೂಬಿಂದ ಕೊನೇ ಟ್ಯೂಬ್‌ವರೆಗೂ ಎರಡೂ ಕಲಸುಮೇಲೋಗರ. ಈ ಬಾಟ್ಲಿದ್ರಲ್ಲಿ ಮುಂದಿನ ಟ್ಯೂಬ್‌ಗಳು ಬರೀ ನಿಯೋಡಿಮಿಯಂ, ಹಿಂದಿನವು ಬರೀ ಪ್ರೇಸಿಯೋಡಿಮಿಯಂ, ನಡುವೆ ಕೆಲವು ಬೆರಕೆ. ಅದಕ್ಕೇ ನಾಲ್ಕೂವರೆ ಸ್ಟಾರ್.

ಈಗ ಬಾಟ್ಲಿ ವಿಷ್ಯ. ಮುಚ್ಚಳ ಗಟ್ಟಿ, ಒಳಗಡೆ ಇನ್ನೊಂದು ಪ್ಲಗ್ ಇದೆ, ರೆಸಿನ್ ಒದ್ದೆಯಾಗೇ ಬಂದಿತ್ತು, ಇದು ಬಹಳ ಮುಖ್ಯ. ಈ ರೆಸಿನ್‌ಗಳಲ್ಲಿ ತೂಕದ ಅರ್ಧದಷ್ಟು ನೀರೇ ಇರತ್ತೆ, ಇರ್ಬೇಕು ಕೂಡ. ಮುಚ್ಚಳ ಸಡಿಲ ಇಟ್ಟು ಏಪ್ರಿಲ್ ತಿಂಗಳಲ್ಲಿ ಶೆಲ್ಫ್ ಮೇಲೆ ಬಿಟ್ರೆ ಒಣಗತ್ತೆ, ಒಣಗಿದ್ದಕ್ಕೆ ದಿಢೀರಂತ ನೀರು ಹಾಕಿದ್ರೆ ಒಂದೇ ಸಲ ಊದ್ಕೊಂಡು ಮಣಿ ಸೀಳತ್ತೆ. ಒಣಗಿಹೋಗಿದ್ರೆ ಮೊದ್ಲು ಗಟ್ಟಿ ಉಪ್ಪುನೀರಲ್ಲಿ ನೆನೆಸಿ ಆಮೇಲೆ ನಿಧಾನಕ್ಕೆ ತೆಳು ಮಾಡ್ತಾ ಬರ್ಬೇಕು. ಇಂಥದ್ದೊಂದು ಮಾತು ಲೇಬಲ್ ಮೇಲೆ ಹಾಕೋಕೆ ಜಾಗ ಇಲ್ವಾ? ಕಂಪನಿ ಲೋಗೋಗೆ ಅಂಗೈಯಗಲ ಜಾಗ ಇದೆ.

ಲೇಬಲ್ ಮೇಲೆ ಇಲ್ಲದ್ದು ಇನ್ನೂ ಇದೆ. ಕ್ರಾಸ್‌ಲಿಂಕ್ (ಮಣಿ ಹೆಣೆಯೋಕೆ ಹಾಕಿದ ಡೈವಿನೈಲ್ ಬೆಂಜೀನ್) ಎಷ್ಟು ಪರ್ಸೆಂಟ್ ಅಂತ ಇಲ್ಲ. ಅಂಗಡಿಯವ್ರಿಗೆ ಫೋನು, ಅವ್ರಿಂದ ಡಿಸ್ಟ್ರಿಬ್ಯೂಟರ್‌ಗೆ ಫೋನು, ಕೊನೆಗೆ ವಾಟ್ಸಾಪಲ್ಲಿ ಬಂದ ಡೇಟಾ ಶೀಟ್ ನೋಡಿದ್ರೆ 8 ಪರ್ಸೆಂಟ್. ಅದೇ ಬೇಕಾಗಿದ್ದು. ಈ ಡೈವಿನೈಲ್ ಬೆಂಜೀನ್ ಪ್ರಮಾಣ ಕಮ್ಮಿ ಇದ್ರೆ ಮಣಿ ಜಾಸ್ತಿ ಊದತ್ತೆ, ಅಯಾನು ಬೇಗ ಓಡಾಡತ್ತೆ ಆದ್ರೆ ಇದು ಬೇಕು ಅದು ಬೇಡ ಅನ್ನೋ ಆಯ್ಕೆ ಕಮ್ಮಿ ಆಗತ್ತೆ, ಜಾಸ್ತಿ ಇದ್ರೆ ಉಲ್ಟಾ. ಕೆಪಾಸಿಟಿ, ಅಂದ್ರೆ ಎಷ್ಟು ಅಯಾನು ಹಿಡಿಯತ್ತೆ ಅನ್ನೋದು, ಅದೂ ಲೇಬಲ್‌ನಲ್ಲಿಲ್ಲ. ಅದನ್ನ ನಾವೇ ನೋಡಿದ್ವಿ, ಅದೇನ್ ಕಷ್ಟ ಅಲ್ಲ, ಅಳೆದ ರೆಸಿನ್ ಮೇಲೆ ಉಪ್ಪಿನ ದ್ರಾವಣ ಹಾಯಿಸಿ ಕೆಳಗೆ ಬಂದ ಆಸಿಡನ್ನ ಕಾಸ್ಟಿಕ್ ಸೋಡಾದಲ್ಲಿ ಟೈಟ್ರೇಟ್ ಮಾಡೋದು ಅಷ್ಟೇ, ಮಿಲಿಲೀಟರ್‌ಗೆ 1.8 ಮಿಲಿಈಕ್ವಿವಲೆಂಟ್ ಹತ್ರ ಬಂತು, ಇಂಥ ರೆಸಿನ್‌ಗೆ ಇದು ಸರಿಯಾದ ಲೆಕ್ಕ. ಮಾಲಲ್ಲಿ ಮೋಸ ಇಲ್ಲ.

ತೊಳಿಯೋದರಲ್ಲಿ ಅರ್ಧ ಸ್ಟಾರ್ ಕಟ್ ಮಾಡಿದೀನಿ. ನೀರು ಹಾಕಿ ಕಲಕಿ ಬಿಟ್ರೆ ಮೇಲೆ ಮೋಡದ ಥರ ಪುಡಿ ನಿಲ್ಲತ್ತೆ, ಅದು 200 ಮೆಷ್‌ಗಿಂತ ಎಷ್ಟೋ ಚಿಕ್ಕದು, ಅದನ್ನ ಬಗ್ಗಿಸಿ ಚೆಲ್ಲದೆ ಕಾಲಂಗೆ ಹಾಕಿದ್ರೆ ಗ್ಲಾಸ್‌ವುಲ್ ಕಟ್ಕೊಂಡು ಹನಿ ಬೀಳೋದೇ ನಿಂತೋಗತ್ತೆ. ಮತ್ತೆ ಮೊದಲ ತೊಳೆತಗಳಲ್ಲಿ ಕಾಫಿ ಡಿಕಾಕ್ಷನ್ ಬಣ್ಣ ಇಳಿಯತ್ತೆ, ಎರಡು ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಸಿಡ್, ಆಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ಸ್ವಲ್ಪ ಆಲ್ಕೋಹಾಲ್, ಮತ್ತೆ ಡಿಸ್ಟಿಲ್ಡ್ ವಾಟರ್, ಬಣ್ಣ ನಿಲ್ಲೋವರ್ಗೂ ಬಿಡ್ಬಾರ್ದು. ದಯವಿಟ್ಟು ಡಿಸ್ಟಿಲ್ಡ್ ವಾಟರೇ ಹಾಕಿ. ನಮ್ಮ ನಲ್ಲಿ ನೀರಲ್ಲಿ ತೊಳೆದ್ರೆ ಕ್ಯಾಲ್ಸಿಯಂ ಮೆಗ್ನೀಷಿಯಂ ಹೋಗಿ ಜಾಗ ಹಿಡ್ಕೊಂಡು ಕೂರತ್ತೆ, ಆಮೇಲೆ ರೇರ್ ಅರ್ತ್‌ಗೆ ಕೂರೋಕೆ ಜಾಗ ಎಲ್ಲಿ.

ಕಾಲಂಗೆ ಅಂತ ಬೇರೆ ಗಾಜು ಕೊಂಡ್ಕೊಳೋದು ಬೇಡ, 50 ಮಿಲಿ ಬ್ಯೂರೆಟ್ಟೇ ಸಾಕು. ಕೆಳಗೆ ಗ್ಲಾಸ್‌ವುಲ್, ರೆಸಿನ್‌ನ ನೀರಲ್ಲಿ ಗಂಜಿ ಥರ ಮಾಡ್ಕೊಂಡು ಸುರೀಬೇಕು, ಗಾಳಿಗುಳ್ಳೆ ಸಿಕ್ಕಾಕೊಂಡ್ರೆ ಆ ಕಾಲಂ ಕೆಲಸಕ್ಕೆ ಬರಲ್ಲ, ಮತ್ತೆ ತೆಗೆದು ಮತ್ತೆ ತುಂಬಬೇಕು. ಮೇಲಿನ ನೀರು ರೆಸಿನ್ ಮಟ್ಟಕ್ಕಿಂತ ಕೆಳಗೆ ಇಳೀಲೇಬಾರ್ದು. ಪ್ರೇಸಿಯೋಡಿಮಿಯಂ ಆಕ್ಸೈಡ್ ಕರೀ ಪುಡಿ, ಅದನ್ನ ಹೈಡ್ರೋಕ್ಲೋರಿಕ್ ಆಸಿಡಲ್ಲಿ ಕರಗಿಸೋವಾಗ ಕ್ಲೋರಿನ್ ವಾಸನೆ ಬರತ್ತೆ, ಯಾಕಂದ್ರೆ ಅದ್ರಲ್ಲಿ ಒಂದಷ್ಟು ನಾಲ್ಕು ಪ್ಲಸ್ ರೂಪದಲ್ಲಿರತ್ತೆ, ಹಾಗಾಗಿ ಫ್ಯೂಮ್ ಹುಡ್ ಒಳಗೇ ಮಾಡಿ. ಕಾಲಂ ಮೇಲೆ ಹಾಕೋವಾಗ ಆಸೆ ಪಡ್ಬೇಡಿ, ಒಟ್ಟು ಕೆಪಾಸಿಟಿಯ ಐದು ಪರ್ಸೆಂಟ್ ಸುಮಾರಿಗೆ ನಿಲ್ಸಿ, ಕಾಲಂ ತುಂಬ ತುಂಬಿಸಿದ್ರೆ ಬಿಡಿಸೋಕೆ ಜಾಗವೇ ಇರಲ್ಲ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ವಿಷ್ಯ: ರೆಸಿನ್ ತಾನಾಗಿ ಇವನ್ನ ಬೇರ್ಪಡಿಸಲ್ಲ. ಎಷ್ಟೇ ದುಡ್ಡಿನ ರೆಸಿನ್ ತಂದ್ರೂ ಅಷ್ಟೇ. ಬರೀ ರೆಸಿನ್ ಕಣ್ಣಿಗೆ ನಿಯೋಡಿಮಿಯಂ ಪ್ರೇಸಿಯೋಡಿಮಿಯಂ ಎರಡೂ ಒಂದೇ. ಮೇಲಿಂದ ಸಿಟ್ರಿಕ್ ಆಸಿಡ್‌ಗೆ ಅಮೋನಿಯ ಸೇರಿಸಿದ ಬಫರ್ ಬಿಡ್ತೀವಲ್ಲ, ಸಿಟ್ರೇಟ್ ಹೋಗಿ ಲೋಹನ ಹಿಡ್ಕೊಳತ್ತೆ, ಚಿಕ್ಕ ಅಯಾನನ್ನ ಸ್ವಲ್ಪ ಗಟ್ಟಿಯಾಗಿ ದೊಡ್ಡದನ್ನ ಸ್ವಲ್ಪ ಸಡಿಲವಾಗಿ, ಗಟ್ಟಿಯಾಗಿ ಹಿಡ್ಕೊಂಡಿದ್ದು ಮೊದ್ಲು ಇಳ್ಕೊಂಡು ಬರತ್ತೆ. ಅದಕ್ಕೇ ಭಾರದ್ದು ಮುಂದೆ ಹಗುರದ್ದು ಹಿಂದೆ, ಲುಟೀಶಿಯಂ ಮೊದ್ಲು ಲ್ಯಾಂಥನಂ ಕೊನೆಗೆ. ಹೀಗಾಗಿ ದುಡ್ಡಿದ್ರೆ ರೆಸಿನ್‌ಗಿಂತ ಮೊದ್ಲು ಒಳ್ಳೇ ಪಿಎಚ್ ಮೀಟರ್‌ಗೆ ಹಾಕಿ ಅಂತೀನಿ. ಬಫರ್ ಪಿಎಚ್ 3ರ ಹತ್ರ ಇಟ್ಕೊಂಡಿದ್ವಿ, ಅದು 0.1 ಅತ್ಲಾಗೆ ಇತ್ಲಾಗೆ ಆದ್ರೆ ಹೊರಗೆ ಬರೋ ಟೈಮೇ ಬದಲಾಗತ್ತೆ. ಇನ್ನೊಂದು, ಸಿಟ್ರೇಟ್ ದ್ರಾವಣ ಮಾಡಿಟ್ರೆ ಬೂಷ್ಟು ಬರತ್ತೆ, ಮಳೆಗಾಲದಲ್ಲಂತೂ ಬೇಗ. ಅಮೆರಿಕದ ಏಮ್ಸ್ ಅನ್ನೋ ಊರಲ್ಲಿ ಫ್ರಾಂಕ್ ಸ್ಪೆಡ್ಡಿಂಗ್ ಗುಂಪು 1940ರ ದಶಕದಲ್ಲಿ ಇದೇ ಕೆಲಸನ ಕಿಲೋಗಟ್ಲೆ ಮಾಡೋವಾಗ ಇದೇ ಬೂಷ್ಟಿನ ಕಾಟಕ್ಕೆ ಸಿಟ್ರೇಟ್‌ಗೆ 0.1 ಪರ್ಸೆಂಟ್ ಫೀನಾಲ್ ಸೇರಿಸ್ತಿದ್ರು.

ಬಣ್ಣದ ಬಗ್ಗೆ ಎರಡು ಮಾತು, ಯಾಕಂದ್ರೆ ಈ ಜೋಡಿನ ನಾನು ಆರಿಸ್ಕೊಂಡಿದ್ದೇ ಅದಕ್ಕೆ. ಕಾಲಂ ಮೇಲೆ ಹಸಿರು ಪಟ್ಟೆ ನೇರಳೆ ಪಟ್ಟೆ ಕಾಣತ್ತೆ ಅಂತ ಆಸೆ ಇಟ್ಕೋಬೇಡಿ, ರೆಸಿನ್‌ದೇ ಹಳದಿ ಬಣ್ಣ ಎಲ್ಲಾ ನುಂಗಾಕತ್ತೆ, ಹೊರಗೆ ಬರೋ ದ್ರಾವಣನೂ ತೀರಾ ತೆಳು. ಟ್ಯೂಬ್‌ಗಳಿಗೆ ಆಕ್ಸಾಲಿಕ್ ಆಸಿಡ್ ಹಾಕಿ, ಆಗ ಪುಡಿಯಾಗಿ ಕೆಳಗೆ ಕೂರತ್ತೆ, ಮುಂದಿನ ಟ್ಯೂಬ್‌ಗಳಲ್ಲಿ ತಿಳಿ ನೇರಳೆ, ಹಿಂದಿನವುಗಳಲ್ಲಿ ತಿಳಿ ಹಸಿರು. ಅದೂ ಲ್ಯಾಬಿನ ಟ್ಯೂಬ್‌ಲೈಟ್ ಕೆಳಗೆ ನೋಡಿದ್ರೆ ನೇರಳೆ ಅನ್ನೋದು ಸತ್ತೋದ ಬೂದಿ ಥರ ಇತ್ತು, 'ಮೇಡಂ ಬಂದೇ ಇಲ್ಲ' ಅಂತ ಮಧುಗಿರಿ ಕಡೆ ಹುಡುಗಿ ಒಬ್ಳು ಅಳೋ ಮುಖ ಮಾಡ್ಕೊಂಡಿದ್ಲು. ಟ್ಯೂಬ್ ಹಿಡ್ಕೊಂಡು ಕಾರಿಡಾರಿಗೆ ಬಿಸಿಲಿಗೆ ಬಾ ಅಂದೆ. ಬಿಸಿಲಲ್ಲಿ ನೋಡಿದ್ರೆ ಅಚ್ಚ ನೇರಳೆ. ನಿಯೋಡಿಮಿಯಂ ಹಳದಿ ಬೆಳಕಿನ 575 ನ್ಯಾನೋಮೀಟರ್ ಹತ್ರ ಚೂಪಾಗಿ ಹೀರ್ಕೊಳತ್ತೆ, ಟ್ಯೂಬ್‌ಲೈಟ್ ಬೆಳಕು ಬಿಸಿಲಿನ ಥರ ಎಲ್ಲಾ ಬಣ್ಣನೂ ಸಮ ಕೊಡಲ್ಲ, ಅದಕ್ಕೆ ಈ ಆಟ. ಸ್ಪೆಕ್ಟ್ರೋಫೋಟೋಮೀಟರ್ ಇದ್ದೋರು 575ರಲ್ಲಿ ನಿಯೋಡಿಮಿಯಂ, 444ರಲ್ಲಿ ಪ್ರೇಸಿಯೋಡಿಮಿಯಂ ನೋಡಿ. ಇಲ್ಲದೋರು ಆಕ್ಸಲೇಟ್‌ನ ಕ್ರೂಸಿಬಲ್‌ನಲ್ಲಿ ಚೆನ್ನಾಗಿ ಕಾಯಿಸಿ, ಶುದ್ಧ ನಿಯೋಡಿಮಿಯಂ ಆದ್ರೆ ತಿಳಿನೀಲಿ ಆಕ್ಸೈಡ್ ಉಳಿಯತ್ತೆ, ಅದ್ರಲ್ಲಿ ಪ್ರೇಸಿಯೋಡಿಮಿಯಂ ಒಂಚೂರು ಇದ್ರೂ ಕಂದು ತಿರುಗತ್ತೆ. ಇದಕ್ಕಿಂತ ಸೋವಿ ಟೆಸ್ಟ್ ಇಲ್ಲ.

ಇದೆಲ್ಲಾ ನೋಡಿದ್ಮೇಲೆ 'ಇಷ್ಟು ಸುಲಭನಾ' ಅನ್ಸತ್ತೆ, ಹಾಗನ್ಸೋದೇ ಈ ರೆಸಿನ್‌ನ ದೊಡ್ಡತನ. ಈ ಎರಡನ್ನ ಡಿಡಿಮಿಯಂ ಅಂತ ಒಂದೇ ಧಾತು ಅಂದ್ಕೊಂಡಿದ್ರು ಹಿಂದೆ, 1885ರಲ್ಲಿ ಆಸ್ಟ್ರಿಯಾದ ಔಅರ್ ಫಾನ್ ವೆಲ್ಸ್‌ಬಾಕ್ ಹರಳು ಮಾಡಿ ಕರಗಿಸಿ ಮತ್ತೆ ಹರಳು ಮಾಡಿ ಬಿಡಿಸಿದ್ದು. ಅಮೆರಿಕದಲ್ಲಿದ್ದ ಚಾರ್ಲ್ಸ್ ಜೇಮ್ಸ್ ಅನ್ನೋರು 1911ರಲ್ಲಿ ತುಲಿಯಂ ಶುದ್ಧ ಮಾಡೋಕೆ 15,000 ಸಲ ಹರಳು ಕಟ್ಟಿಸಿದ್ರಂತೆ. ನಮ್ಮ ಹುಡುಗ್ರಿಗೆ ಒಂದು ಸಲ ರೀಕ್ರಿಸ್ಟಲೈಸೇಷನ್ ಮಾಡಿ ಅಂದ್ರೆ ಮುಖ ಸೊಟ್ಟ ಆಗತ್ತೆ.

ರೆಸಿನ್ ಈ ಕೆಲಸಕ್ಕೆ ಬಂದಿದ್ದು ಎರಡನೇ ಮಹಾಯುದ್ಧದ ಹೊತ್ತಲ್ಲಿ, ಅಣುಬಾಂಬ್ ಪ್ರಾಜೆಕ್ಟ್ ಒಳಗೆ. ಯುರೇನಿಯಂ ಸೀಳಿದಾಗ ಹುಟ್ಟೋ ಚೂರುಗಳಲ್ಲಿ ರೇರ್ ಅರ್ತ್‌ಗಳೇ ಒಂದು ರಾಶಿ, ಯಾವುದು ಯಾವುದು ಅಂತ ಬಿಡಿಸ್ಬೇಕಿತ್ತು. ಓಕ್ ರಿಡ್ಜ್‌ನಲ್ಲಿ ಮರಿನ್ಸ್‌ಕಿ, ಗ್ಲೆಂಡಿನಿನ್, ಕೊರಿಯೆಲ್ 1945ರಲ್ಲಿ ಹೀಗೇ ಕಾಲಂ ಇಟ್ಕೊಂಡು 61ನೇ ಧಾತು ಪ್ರೋಮೀಥಿಯಂ ಹಿಡಿದ್ರು, ಅಲ್ಲಿವರ್ಗೂ ಟೇಬಲ್‌ನಲ್ಲಿ ಆ ಮನೆ ಖಾಲಿ ಇತ್ತು, ನಮ್ಮ ನಿಯೋಡಿಮಿಯಂ ಪಕ್ಕದ್ದೇ. ಇದಕ್ಕಿಂತ ಮಜಾ ಭಾರದ ವಿಕಿರಣಶೀಲ ಧಾತುಗಳದ್ದು. ಬರ್ಕ್‌ಲಿಯಲ್ಲಿ ಸೀಬೋರ್ಗ್ ಗುಂಪಿಗೆ ಹೊಸ ಧಾತು ಕಾಲಂನಿಂದ ಯಾವಾಗ ಹೊರಗೆ ಬೀಳತ್ತೆ ಅಂತ ಮೊದ್ಲೇ ಅಂದಾಜಿತ್ತು, ಟೇಬಲ್‌ನ ಮೇಲಿನ ಸಾಲಲ್ಲಿ, ಅಂದ್ರೆ ರೇರ್ ಅರ್ತ್ ಸಾಲಲ್ಲಿ, ಗ್ಯಾಡೋಲಿನಿಯಂಗೂ ಟರ್ಬಿಯಂಗೂ ನಡುವೆ ಎಷ್ಟು ಗ್ಯಾಪ್ ಇದ್ಯೋ ಅದೇ ಥರದ ಗ್ಯಾಪ್ ಕೆಳಗಿನ ಸಾಲಲ್ಲಿ ಕ್ಯೂರಿಯಂಗೂ ಬರ್ಕೀಲಿಯಂಗೂ ಇರತ್ತೆ ಅಂತ. 1949ರ ಡಿಸೆಂಬರ್‌ನಲ್ಲಿ ಬರ್ಕೀಲಿಯಂ ಸಿಕ್ತು, 1950ರ ಶುರುವಿನಲ್ಲಿ ಕ್ಯಾಲಿಫೋರ್ನಿಯಂ, ಅದು ಬರೀ 5,000 ಪರಮಾಣು ಅಂದಾಜು. ನಾವು ಗ್ರಾಂ ಲೆಕ್ಕದಲ್ಲಿ ಹಾಕಿ ಬಣ್ಣ ಕಾಣ್ಲಿಲ್ಲ ಅಂತ ಅಳ್ತೀವಿ!

1955ರಲ್ಲಿ ಮೆಂಡಲೀವಿಯಂ ಕಂಡುಹಿಡಿದಿದ್ದು ಇನ್ನೂ ವಿಚಿತ್ರ, ಒಟ್ಟು ಸಿಕ್ಕಿದ್ದು 17 ಪರಮಾಣು, ಒಂದೊಂದಾಗಿ. ಅದಕ್ಕೆ ಬಳಸಿದ್ದೂ ಇದೇ ಜಾತಿ ರೆಸಿನ್ ಡೌವೆಕ್ಸ್-50, ಕಾಲಂನ 87 ಡಿಗ್ರಿಗೆ ಬಿಸಿ ಇಟ್ಟು, ಸಿಟ್ರೇಟ್ ಬದಲು ಆಲ್ಫಾ-ಹೈಡ್ರಾಕ್ಸಿಐಸೋಬ್ಯುಟಿರೇಟ್ ಬಿಟ್ಟು. ಆ ಆಸಿಡ್ ಪಕ್ಕಪಕ್ಕದ ಧಾತುಗಳನ್ನ ಸಿಟ್ರೇಟ್‌ಗಿಂತ ಚೆನ್ನಾಗಿ ಬಿಡಿಸತ್ತೆ, ಆದ್ರೆ ರೇಟ್ ಕೇಳಿದ್ರೆ ನಮ್ ಪ್ರಿನ್ಸಿಪಾಲ್ರು ಇಂಡೆಂಟ್ ಹರಿದಾಕ್ತಾರೆ. ಬಿಸಿ ಮಾಡೋದು ಯಾಕಂದ್ರೆ ಮಣಿ ಒಳಗೆ ಅಯಾನು ಬೇಗ ಓಡಾಡ್ಲಿ ಅಂತ, ಸಣ್ಣ ಮಣಿ ತಗೋಳೋದೂ ಅದೇ ಕಾರಣಕ್ಕೆ. ಮತ್ತೆ ಆ ಧಾತುಗಳು ಗಂಟೆಗಳಲ್ಲಿ ಕ್ಷಯಿಸಿ ಬೇರೆ ಧಾತು ಆಗ್ಬಿಡೋವು, ಕಾಯ್ತಾ ಕೂರೋಕೆ ಟೈಮಿರ್ಲಿಲ್ಲ. ಭಾರದ ಆಲ್ಫಾ ವಿಕಿರಣ ಬಿಡೋ ಧಾತು ಜಾಸ್ತಿ ಹಾಕಿದ್ರೆ ಇನ್ನೊಂದು ತೊಂದ್ರೆ, ವಿಕಿರಣಕ್ಕೆ ನೀರು ಒಡೆದು ಕಾಲಂ ಒಳಗೇ ಗ್ಯಾಸ್ ಗುಳ್ಳೆ ಏಳತ್ತೆ, ರೆಸಿನ್ನೂ ಹಾಳಾಗತ್ತೆ, ಅದಕ್ಕೇ ಆಮೇಲೆ ದೊಡ್ಡ ಲ್ಯಾಬ್‌ಗಳು ಸಣ್ಣ ಮಣಿ ಹಾಕಿ ಹೈ ಪ್ರೆಶರ್‌ನಲ್ಲಿ ಬೇಗ ಬೇಗ ಹಾಯಿಸೋ ಪದ್ಧತಿಗೆ ಹೋದ್ರು.

ಇದನ್ನೆಲ್ಲಾ ಹೇಳಿದ್ಮೇಲೆ ಒಂದು ಗಂಭೀರ ಕಂಪ್ಲೇಂಟ್ ಇದೆ, ಲೇಬಲ್‌ಗೆ ಒಂದೇ ಸ್ಟಾರ್ ಕೊಟ್ಟಿದ್ದು ಇದಕ್ಕೆ. ಗಟ್ಟಿ ನೈಟ್ರಿಕ್ ಆಸಿಡ್ ಜೊತೆ ಈ ರೆಸಿನ್ ಇಡಬಾರ್ದು ಅನ್ನೋ ಎಚ್ಚರಿಕೆ ಬಾಟ್ಲಿ ಮೇಲೆ ಎಲ್ಲೂ ಇಲ್ಲ. ಲ್ಯಾಬ್‌ನಲ್ಲಿ ಬಳಸಿದ ರೆಸಿನ್‌ನ ವಾಪಸ್ ಹೈಡ್ರೋಜನ್ ಫಾರ್ಮಿಗೆ ತರೋಕೆ (ರೀಜನರೇಟ್ ಮಾಡೋಕೆ) ಯಾವುದೋ ಒಂದು ಆಸಿಡ್ ಅಂತ ಕೈಗೆ ಸಿಕ್ಕಿದ್ದು ಹಾಕೋ ಅಭ್ಯಾಸ ಎಲ್ಲಾ ಕಡೆ ಇದೆ. ರೆಸಿನ್ ಅಂದ್ರೆ ಪ್ಲಾಸ್ಟಿಕ್ಕು, ಗಟ್ಟಿ ನೈಟ್ರಿಕ್ ಆಸಿಡ್ ಅದನ್ನ ಆಕ್ಸಿಡೈಸ್ ಮಾಡತ್ತೆ, ಬಿಸಿಯೇರಿದ್ರೆ ಸಿಡಿಯತ್ತೆ. 1976ರ ಆಗಸ್ಟ್ 30ಕ್ಕೆ ಅಮೆರಿಕದ ಹ್ಯಾನ್‌ಫರ್ಡ್ ಅಣು ಸ್ಥಾವರದಲ್ಲಿ ಆಗಿದ್ದು ಅದೇ. ಅಮೆರಿಸಿಯಂ ಅನ್ನೋ ವಿಕಿರಣಶೀಲ ಧಾತು ಹಿಡಿಯೋ ರೆಸಿನ್ ಕಾಲಂ, ಸ್ಟ್ರೈಕ್ ಅಂತ ತಿಂಗಳುಗಟ್ಲೆ ಆಸಿಡ್ ಜೊತೆ ಹಾಗೇ ಬಿಟ್ಟಿದ್ರು, ಕೆಲಸ ಮತ್ತೆ ಶುರು ಮಾಡಿ ಗಟ್ಟಿ ನೈಟ್ರಿಕ್ ಆಸಿಡ್ ಹಾಕ್ತಿದ್ದಂಗೆ ಸಿಡೀತು, ಹೆರಾಲ್ಡ್ ಮೆಕ್ಲಸ್ಕಿ ಅನ್ನೋ 64 ವರ್ಷದ ಕೆಲಸಗಾರರ ಮುಖ ಮೈಗೆಲ್ಲಾ ಗಾಜು, ಆಸಿಡ್ಡು, ಅಮೆರಿಸಿಯಂ ಹೊಕ್ತು. ಅವ್ರು ಬದುಕಿದ್ರು, ಇನ್ನೂ ಹನ್ನೊಂದು ವರ್ಷ, ತೀರಿಕೊಂಡಿದ್ದು ಹಾರ್ಟಿನ ತೊಂದ್ರೆಗೆ. ಮೈಯೊಳಗಿನ ಅಮೆರಿಸಿಯಂ ಹೊರಗೆ ಎಳೆಯೋಕೆ ಕೊಟ್ಟ ಔಷಧಿ ಡಿಟಿಪಿಎ, ನಾವು ಕಾಲಂ ಮೇಲೆ ಸಿಟ್ರೇಟ್ ಬಿಡ್ತೀವಲ್ಲ ಅದೇ ಉಪಾಯ, ಲೋಹನ ಹಿಡ್ಕೊಂಡು ಈಚೆ ಬರೋದು. ನಮ್ಮ ಲ್ಯಾಬಲ್ಲಿ ಈಗ ರೆಸಿನ್ ಬಾಟ್ಲಿ ಮೇಲೆ ಅಟೆಂಡರ್ ಕೈಲಿ ಕೆಂಪು ಇಂಕಲ್ಲಿ ಬರೆಸಿ ಅಂಟಿಸಿದೀನಿ: ನೈಟ್ರಿಕ್ ಬೇಡ, ಹೈಡ್ರೋಕ್ಲೋರಿಕ್ ಮಾತ್ರ. ಕಂಪನಿ ಮಾಡ್ಬೇಕಾದ ಕೆಲಸ.

ಇನ್ನು ಯುರೇನಿಯಂ. ಪ್ರಾಜೆಕ್ಟ್ ನೋಡಿದೋರೆಲ್ಲಾ ಕೇಳೋ ಪ್ರಶ್ನೆ ಇದು, 'ಮೇಡಂ, ನಮ್ಮ ಬೋರ್‌ವೆಲ್ ನೀರಲ್ಲಿ ಯುರೇನಿಯಂ ಇದೆ ಅಂತಾರಲ್ಲ, ಈ ರೆಸಿನ್ ಹಾಕಿದ್ರೆ ಹೋಗತ್ತಾ?' ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಗ್ರಾನೈಟ್ ಕಲ್ಲಿನ ಆಳದ ಬೋರ್‌ಗಳಲ್ಲಿ ಯುರೇನಿಯಂ ಜಾಸ್ತಿ ಸಿಕ್ಕಿರೋದು ನಿಜ, ಐಐಎಸ್ಸಿಯವ್ರೂ ಪರೀಕ್ಷೆ ಮಾಡಿದಾರೆ, ಡಬ್ಲ್ಯುಎಚ್‌ಒ ಹೇಳೋ ಮಿತಿ ಲೀಟರ್‌ಗೆ 30 ಮೈಕ್ರೋಗ್ರಾಂ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಹೇಳಿದ್ದು 60. ಆದ್ರೆ ಈ ರೆಸಿನ್ನಾಗ್ಲಿ ನಿಮ್ಮ ಮನೆ ಸಾಫ್ಟ್‌ನರ್ ಆಗ್ಲಿ ಅದಕ್ಕೆ ಉಪಯೋಗ ಇಲ್ಲ. ನಮ್ಮ ನೀರಲ್ಲಿ ಬೈಕಾರ್ಬನೇಟ್ ಜಾಸ್ತಿ, ಯುರೇನಿಯಂ ಅದ್ರ ಜೊತೆ ಸೇರ್ಕೊಂಡು ಯುರನೈಲ್ ಕಾರ್ಬನೇಟ್ ಆಗಿ ಮೈನಸ್ ಚಾರ್ಜ್ ಹೊತ್ಕೊಂಡು ಓಡಾಡತ್ತೆ. ಪ್ಲಸ್ ಹಿಡಿಯೋ ರೆಸಿನ್ ಅದನ್ನ ಸುಮ್ನೆ ಬಿಟ್ಬಿಡತ್ತೆ. ಅದಕ್ಕೆ ಮೈನಸ್ ಹಿಡಿಯೋ ಆನಯಾನ್ ರೆಸಿನ್ ಬೇಕು, ಅದು ಯುರನೈಲ್ ಕಾರ್ಬನೇಟ್‌ನ ಬಹಳ ಪ್ರೀತಿಯಿಂದ ಹಿಡಿಯತ್ತೆ, ಜಾರ್ಖಂಡ್‌ನ ಜಾದುಗುಡದಲ್ಲಿ ಅದಿರಿಂದ ಯುರೇನಿಯಂ ತೆಗೆಯೋದೂ ಆನಯಾನ್ ರೆಸಿನ್‌ನಲ್ಲೇ, ಅಲ್ಲಿ ಕಾರ್ಬನೇಟ್ ಬದಲು ಸಲ್ಫೇಟ್. ಮನೆಗೆ ಸುಲಭ ದಾರಿ ಆರ್‌ಓ, ಅದ್ರಲ್ಲೂ ಬಹುಪಾಲು ಹೋಗತ್ತೆ. ಸಾಫ್ಟ್‌ನರ್ ಮಾರೋರು ಯಾರಾದ್ರೂ 'ಯುರೇನಿಯಂ ಕೂಡ ತೆಗಿಯತ್ತೆ ಸಾರ್' ಅಂದ್ರೆ ಒಳಗಡೆ ಇರೋದು ಆನಯಾನ್ ರೆಸಿನ್ನಾ ಅಂತ ಕೇಳಿ, ತಡವರಿಸಿದ್ರೆ ಬಾಗಿಲು ತೋರ್ಸಿ. ನಮ್ಮ ಲ್ಯಾಬಲ್ಲಿ ಯುರೇನಿಯಂ ಥೋರಿಯಂ ಯಾವುದನ್ನೂ ಮುಟ್ಟಲ್ಲ, ಅದಕ್ಕೆಲ್ಲಾ ಪರ್ಮಿಷನ್ ಬೇಕು, ಬಿಎಸ್ಸಿ ಎಂಎಸ್ಸಿಗೆ ನಿಯೋಡಿಮಿಯಂ ಪ್ರೇಸಿಯೋಡಿಮಿಯಂ ಕಲಿಸಿದ್ರೆ ತತ್ವ ಅಷ್ಟೂ ಬರತ್ತೆ.

ಒಬ್ರು ಸಹೋದ್ಯೋಗಿ ಇದೆಲ್ಲಾ ಹಳೇ ಕಾಲದ್ದು, ಈಗ ಫ್ಯಾಕ್ಟರಿಗಳಲ್ಲಿ ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ (ನೀರಿಂದ ಇನ್ನೊಂದು ದ್ರಾವಕಕ್ಕೆ ಎಳ್ಕೊಳೋದು) ಅಲ್ವಾ ಅಂದ್ರು. ಹೌದು, ಟನ್‌ಗಟ್ಲೆ ಮಾಡೋವಾಗ ಅದೇ. ಆದ್ರೆ ತೀರಾ ಶುದ್ಧ ಬೇಕಾದಾಗ, ಭಾರದ ವಿಕಿರಣಶೀಲ ಧಾತುಗಳನ್ನ ಮಿಲಿಗ್ರಾಂ ಲೆಕ್ಕದಲ್ಲಿ ಬಿಡಿಸ್ಬೇಕಾದಾಗ ಇವತ್ತಿಗೂ ಕಾಲಂ ಮುಂದೇನೇ ಬಂದು ನಿಲ್ತಾರೆ. ಅಲ್ಲದೆ ಬ್ಯೂರೆಟ್‌ನಲ್ಲಿ ಮಾಡಿ ತೋರಿಸೋಕಾಗೋದು ಇದೊಂದೇ.

ಬಾಳಿಕೆ ಬಗ್ಗೆ: ಸೆಮಿಸ್ಟರ್ ಪೂರ್ತಿ ಓಡಿಸಿದ್ವಿ, ಪ್ರತಿ ಸಲ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ವಾಪಸ್ ಹೈಡ್ರೋಜನ್ ಫಾರ್ಮಿಗೆ ತಂದು, ಕೆಪಾಸಿಟಿ ಮತ್ತೆ ನೋಡಿದ್ರೆ ಇಳಿದಿಲ್ಲ. ಅರ್ಧ ಬಾಟ್ಲಿಗಿಂತ ಜಾಸ್ತಿ ಹಾಗೇ ಇದೆ. ಸೋ ಮೂರು ಸಾವಿರ ದುಬಾರಿ ಅಲ್ಲ, ಎರಡ್ಮೂರು ಬ್ಯಾಚ್‌ಗೆ ಧಾರಾಳ. ನಿಯೋಡಿಮಿಯಂ ಆಕ್ಸೈಡೇ ಇದಕ್ಕಿಂತ ಬೇಗ ಖಾಲಿ ಆಗತ್ತೆ, ಹಾಗಾಗಿ ಟ್ಯೂಬಲ್ಲಿ ಸಿಕ್ಕಿದ್ದನ್ನ ಚೆಲ್ಬೇಡಿ, ಆಕ್ಸೈಡ್ ಮಾಡಿ ಎತ್ತಿಡಿ, ಮುಂದಿನ ವರ್ಷದವ್ರಿಗೆ ಮತ್ತೆ ಬೆರೆಸಿ ಕೊಡಬಹುದು.

ತರಿಸೋರು ಇಂಡೆಂಟಲ್ಲಿ ಬರೀ 'ರೆಸಿನ್ ಅರ್ಧ ಕೆಜಿ' ಅಂತ ಬರೀಬೇಡಿ. ಹೀಗೆ ಬರೀರಿ: ಸ್ಟ್ರಾಂಗ್ ಆಸಿಡ್ ಕ್ಯಾಟಯಾನ್, ಜೆಲ್ ಟೈಪ್, 8 ಪರ್ಸೆಂಟ್ ಕ್ರಾಸ್‌ಲಿಂಕ್, 100-200 ಮೆಷ್, ಹೈಡ್ರೋಜನ್ ಫಾರ್ಮ್, ಒದ್ದೆ, ಜೊತೆಗೆ ಡೇಟಾ ಶೀಟ್. 200-400 ಸಿಕ್ಕಿದ್ರೆ ಇನ್ನೂ ಚೆನ್ನಾಗಿ ಬಿಡಿಸತ್ತೆ ಆದ್ರೆ ಹನಿ ಬೀಳೋದು ನೋಡ್ತಾ ನಿದ್ದೆ ಬರತ್ತೆ, ಪಂಪ್ ಇಲ್ಲದೋರು 100-200ಕ್ಕೇ ನಿಲ್ಲಿ. ಡಬ್ಬಿ ಬಂದ್ಮೇಲೆ ಬಿಲ್‌ಗೆ ಸೈನ್ ಹಾಕೋ ಮುಂಚೆ ಮುಚ್ಚಳ ತೆಗೆದು ಬೆರಳಲ್ಲಿ ಉಜ್ಜಿ ನೋಡಿ, ಮಣಿ ಮಣಿಯಾಗಿ ಕೈಗೆ ಸಿಕ್ತು ಅಂದ್ರೆ ಅದು ಸಾಫ್ಟ್‌ನರ್ ಮಾಲು, ತಂದ ಹುಡುಗನ ಕೈಲೇ ವಾಪಸ್ ಕಳಿಸಿ.